ಗುಂಡಿನ ಸರದ ಲೆಕ್ಕ

ನಮ್ಮ ಮಂಡ್ಯದ ಕಡೆ ಹೆಂಗಸರು ಒಡವೆಯ ಮಾತೆತ್ತಿದರೆ ‘ನೆಕ್ಲೇಸು’ ಅನ್ನುವುದು ಇತ್ತೀಚಿನ ರೂಢಿ. ಹಳಬರ ಬಾಯಲ್ಲಿ ಬರುತ್ತಿದ್ದುದು ‘ಗುಂಡು’. “ಮಗಳಿಗೆ ಏನು ಹಾಕಿದ್ರಿ?” ಎಂದು ಕೇಳಿದರೆ “ತಾಳಿ, ನಾಕು ಗುಂಡು, ಎರಡು ಕಾಸು” ಎಂದು ಉತ್ತರ. ಉಳ್ಳವರಾದರೆ “ಒಂದೆಳೆ ಗುಂಡಿನ ಸರ” ಎಂದು ಸ್ವಲ್ಪ ಎತ್ತರದ ದನಿಯಲ್ಲಿ ಹೇಳುವರು. ಕರಿಮಣಿಯ ನಡುವೆ ಎರಡು ಗುಂಡು, ಹವಳದ ಪಕ್ಕ ಎರಡು ಗುಂಡು, ತಾಳಿಯ ಎರಡು ಬದಿಗೆ ಒಂದೊಂದು ಗುಂಡು. ಬಡವರ ಕೊರಳಲ್ಲೂ ಬಂಗಾರವೆಂದು ಹೇಳಿಕೊಳ್ಳುವಂಥದ್ದು ಇದ್ದರೆ ಅದು ಗುಂಡೇ ಆಗಿರುತ್ತಿತ್ತು. ಕೊಡಗಿನವರ ಜೋಮಾಲೆಯೂ ಇದೇ ಬಳಗದ್ದು. ಕರಿದಾರದಲ್ಲಿ ಪೋಣಿಸಿದ ಬಂಗಾರದ ಗುಂಡುಗಳು, ಒಳಗೆ ಅರಗು.

ಇತಿಹಾಸದ ಪುಸ್ತಕಗಳಲ್ಲಿ ಕಿರೀಟಗಳು ಬರುತ್ತವೆ, ಸಿಂಹಾಸನಗಳು ಬರುತ್ತವೆ, ಗುಂಡು ಬರುವುದಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ನನಗೆ ಇದೊಂದು ಕೊರತೆಯಾಗಿಯೇ ಕಂಡಿದೆ. ಯಾಕೆಂದರೆ ಈ ಪುಟ್ಟ ಟೊಳ್ಳು ಮಣಿಯ ಬೆನ್ನು ಹತ್ತಿ ಹೋದರೆ ನಮ್ಮ ಜಿಲ್ಲೆಯ ನೀರು, ಕಬ್ಬು, ಕೋಲಾರದ ಗಣಿ, ದೆಹಲಿಯ ಕಾನೂನು, ಹೆಣ್ಣುಮಕ್ಕಳ ಆಸ್ತಿಯ ಪಾಡು ಎಲ್ಲವೂ ಒಂದೇ ದಾರದಲ್ಲಿ ಸಿಕ್ಕುತ್ತವೆ.

ಟೊಳ್ಳು ಮಣಿ ಇಂದು ನಿನ್ನೆಯದಲ್ಲ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮೊಹೆಂಜೊದಾರೊ ನಿಧಿಗಳಲ್ಲಿ ಎರಡು ತೆಳುವಾದ ಬಂಗಾರದ ಬಿಲ್ಲೆಗಳನ್ನು ಬೆಸೆದು, ದಾರ ಹೋಗಲು ನಡುವೆ ಕೊಳವೆ ಬಿಟ್ಟ ಮಣಿಗಳು ಸಿಕ್ಕಿವೆ. ಅದೇ ಬಗೆಯ ಮಣಿ ದೂರದ ಮೆಸೊಪೊಟೇಮಿಯಾದ ಊರ್ ಪಟ್ಟಣದ ರಾಜಗೋರಿಗಳಲ್ಲೂ ದೊರೆಯಿತು. ಸಿಂಧೂ ಜನ ಬಳಸಿದ ಬಂಗಾರ ನಮ್ಮ ಕೋಲಾರದ ಕಡೆಯಿಂದ ಹೋಗಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದುಂಟು, ಎಲ್ಲರೂ ಅದನ್ನು ಒಪ್ಪಿಲ್ಲ. ಆ ಜಗಳ ನಮಗೆ ಬೇಡ. ಹೊಯ್ಸಳರ ಕಾಲಕ್ಕೆ ಬಂದರೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯಿದೆ. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ಹರಿಹರ ದಂಡನಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯವಿದೆ. ಹೊಯ್ಸಳರ ಗುಡಿಗಳಿಗೆ ಹೋದವರು ಶಿಲ್ಪಗಳ ಮುಖ ನೋಡಿ ಬರುತ್ತಾರೆ. ಒಮ್ಮೆ ಕೊರಳನ್ನೂ ನೋಡಿ. ಎಳೆ ಎಳೆಯಾಗಿ ಇಳಿಬಿಟ್ಟ ಮಣಿಸರಗಳನ್ನು ಕಲ್ಲುಕುಟಿಗ ಒಂದೊಂದು ಮಣಿಯನ್ನೂ ಬಿಡದೆ ಕಡೆದಿದ್ದಾನೆ. ಎದುರಿಗೆ ಅಂಥ ಸರ ಧರಿಸಿದವರನ್ನು ಕಾಣದೆ ಇಷ್ಟು ಖಚಿತವಾಗಿ ಕೆತ್ತುವುದು ಸಾಧ್ಯವೇ? ಅಕ್ಕಸಾಲೆ ಎಂಬ ಹೆಸರು ಆ ಕಾಲದ ಶಾಸನಗಳಲ್ಲಿ ಬರುತ್ತದೆ. ಅದಕ್ಕೂ ನೂರು ವರ್ಷ ಮೊದಲು, ಸುಮಾರು 1129ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಒಡವೆಗಳಿಗೆಂದೇ ಒಂದು ಭಾಗವಿದೆ.

ಇನ್ನು ಗುಂಡು ಮಾಡುವ ಬಗೆ. ನಾನು ಹುಟ್ಟಿ ಬೆಳೆದದ್ದು ಮಳವಳ್ಳಿ. ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಲಂಗ ತೊಟ್ಟು ಓಡಾಡುತ್ತಿದ್ದ ಕಾಲದಲ್ಲಿ, ನಮ್ಮ ಬೀದಿಯ ಕೊನೆಯ ಮನೆಯ ಜಗಲಿಯೇ ಒಬ್ಬರು ಆಚಾರ್ರ ಅಂಗಡಿ. ಅಂಗಡಿಯೆಂದರೆ ಬೋರ್ಡಿಲ್ಲ, ಗಾಜಿನ ಕಪಾಟಿಲ್ಲ. ಒಂದು ಮಣ್ಣಿನ ಅಗ್ಗಿಷ್ಟಿಕೆ, ಇದ್ದಿಲು, ಮರದ ದಿಮ್ಮಿಗೆ ನೆಟ್ಟ ಅಡಿಗಲ್ಲು, ಊದುಗೊಳವೆ, ಇಕ್ಕುಳ, ಚಿಮಟ, ಅರ, ಗಾಜಿನ ಪೆಟ್ಟಿಗೆಯೊಳಗೆ ಸಣ್ಣ ತಕ್ಕಡಿ. ತಕ್ಕಡಿಯ ಪಕ್ಕ ಗ್ರಾಮಿನ ತೂಕದ ಬಟ್ಟುಗಳಿದ್ದರೂ ಒಂದು ಡಬ್ಬಿಯಲ್ಲಿ ಕೆಂಪು ಗುಲಗಂಜಿ ಇದ್ದೇ ಇರುತ್ತಿತ್ತು. ನಮ್ಮ ಅಜ್ಜಿಯ ವಯಸ್ಸಿನವರಿಗೆ ಗ್ರಾಮಿನ ಲೆಕ್ಕ ಹೇಳಿದರೆ ನಂಬಿಕೆಯಿಲ್ಲ, ಗುಲಗಂಜಿಯಲ್ಲೇ ತೂಗಿ ತೋರಿಸಬೇಕು. ಒಂದು ಗುಲಗಂಜಿ ಹೆಚ್ಚುಕಡಿಮೆ 120 ಮಿಲಿಗ್ರಾಂ. ತೊಲವೆಂದರೆ ಹನ್ನೊಂದೂವರೆ ಗ್ರಾಮಿಗೆ ಸ್ವಲ್ಪ ಹೆಚ್ಚು.

ಬಂಗಾರವನ್ನು ಮೂಸೆಯಲ್ಲಿಟ್ಟು, ಚಿಟಿಕೆ ಬಿಳಿಗಾರ ಹಾಕಿ, ಇದ್ದಿಲ ಬೆಂಕಿಗೆ ಊದಿ ಕರಗಿಸುವುದು ಮೊದಲ ಕೆಲಸ. ಬಂಗಾರ ಕರಗಲು 1064 ಡಿಗ್ರಿ ಶಾಖ ಬೇಕು. ಬಾಯಿಯ ಉಸಿರಿನಿಂದ ಆ ಶಾಖ ಎಬ್ಬಿಸುತ್ತಿದ್ದರೆಂಬುದನ್ನು ಈಗ ನೆನೆದರೆ ಎದೆ ನೋಯುತ್ತದೆ. ಕರಗಿದ್ದನ್ನು ಪಟ್ಟಿಯಾಗಿ ಎರೆದು, ಅಡಿಗಲ್ಲಿನ ಮೇಲೆ ಬಡಿಯುವುದು. ಬಡಿದಷ್ಟೂ ಬಂಗಾರ ಗಡುಸಾಗುತ್ತದೆ, ಅಂಚು ಸೀಳುತ್ತದೆ. ಆದ್ದರಿಂದ ಬಡಿಯುವುದು, ಕೆಂಪಗೆ ಕಾಯಿಸುವುದು, ಮತ್ತೆ ಬಡಿಯುವುದು. ತಗಡು ದಪ್ಪ ಕಾಗದದಷ್ಟು ತೆಳುವಾಗುವವರೆಗೆ ಇದೇ ಆಟ. ಆಮೇಲೆ ತಗಡಿನಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುವುದು. ಒಂದು ಗುಂಡಿಗೆ ಎರಡು ಬಿಲ್ಲೆ.

ಬಿಲ್ಲೆಯನ್ನು ಬಟ್ಟಲು ಮಾಡುವುದಕ್ಕೆ ಕಂಚಿನ ಚೌಕಟ್ಟಾದ ಅಚ್ಚು ಇರುತ್ತದೆ. ಅದರ ಆರೂ ಮೈಮೇಲೆ ಬೇರೆ ಬೇರೆ ಅಳತೆಯ ಗುಳಿಗಳು. ದೊಡ್ಡ ಗುಳಿಯಲ್ಲಿ ಬಿಲ್ಲೆ ಇಟ್ಟು, ತಲೆ ದುಂಡಗಿರುವ ಮೊಳೆಯಿಂದ ಮೆಲ್ಲಗೆ ತಟ್ಟಬೇಕು. ಒಂದೇ ಸಲಕ್ಕೆ ಸಣ್ಣ ಗುಳಿಗೆ ಹಾಕಿದರೆ ತಗಡು ಮಡಿಸಿಕೊಳ್ಳುತ್ತದೆ, ಇಲ್ಲವೆ ತಳದಲ್ಲಿ ಹರಿಯುತ್ತದೆ. ದೊಡ್ಡದರಿಂದ ಸಣ್ಣದಕ್ಕೆ, ನಡುವೆ ಕಾಯಿಸಿಕೊಂಡು, ಮೂರು ನಾಲ್ಕು ಗುಳಿ ಇಳಿಸಿದ ಮೇಲೆ ಅರ್ಧ ನೆಲ್ಲಿಕಾಯಿಯಂಥ ಚಿಪ್ಪು ಸಿದ್ಧವಾಗುತ್ತದೆ. ಗೆರೆ ಗುಂಡು, ಹೂವಿನ ಗುಂಡು ಬೇಕಾದರೆ ಗುಳಿಯಲ್ಲೇ ಆ ಚಿತ್ತಾರವಿರುತ್ತದೆ. ಎರಡು ಚಿಪ್ಪಿನ ಅಂಚುಗಳನ್ನು ನಯವಾದ ಕಲ್ಲಿನ ಮೇಲೆ ತಿಕ್ಕಿ ಸಮ ಮಾಡುತ್ತಾರೆ. ಕೂದಲೆಳೆಯಷ್ಟು ಸಂದು ಉಳಿದರೂ ಬೆಸುಗೆ ನಿಲ್ಲದು.

ಬೆಸೆಯುವ ಮೊದಲೇ ಪ್ರತಿ ಚಿಪ್ಪಿನ ನೆತ್ತಿಯಲ್ಲಿ ತೂತು ಕೊರೆಯಬೇಕು. ದಾರಕ್ಕೆ ಹೇಗೂ ಬೇಕಲ್ಲ, ಆಮೇಲೆ ಕೊರೆದರಾಗದೇ ಎಂದು ನಾನು ಕೇಳಿದ್ದೆ. ಆಚಾರ್ರು ಊದುಗೊಳವೆ ತೆಗೆದು ಪಕ್ಕಕ್ಕಿಟ್ಟು, “ಒಳಗಿರೋ ಗಾಳಿ ಕಾದ್ರೆ ಎಲ್ಲಿಗೋಗ್ಬೇಕವ್ವಾ? ದಾರಿ ಬುಡದಿದ್ರೆ ಅದೇ ದಾರಿ ಮಾಡ್ಕತದೆ” ಎಂದರು. ಮುಚ್ಚಿದ ಗುಂಡು ಬೆಂಕಿಯಲ್ಲಿ ಸಿಡಿಯುತ್ತದೆ. ಕಾದ ಗಾಳಿ ಹಿಗ್ಗುತ್ತದೆಂಬ ವಿಜ್ಞಾನದ ಪಾಠ ನನಗೆ ಶಾಲೆಯಲ್ಲಿ ಬಂದದ್ದು ಎರಡು ವರ್ಷ ಆದಮೇಲೆ.

ಎರಡು ಚಿಪ್ಪನ್ನು ಸೇರಿಸಿ ತೆಳು ಕಬ್ಬಿಣದ ತಂತಿಯಿಂದ ಕಟ್ಟಿ, ಅಂಚಿಗೆ ಬಿಳಿಗಾರದ ನೀರು ಸವರಿ, ಬೆಸುಗೆಯ ಚೂರುಗಳನ್ನು ಚಿಮಟದಿಂದ ಇಡುತ್ತಾರೆ. ಬೆಸುಗೆಯೂ ಬಂಗಾರವೇ. ಆದರೆ ಅದಕ್ಕೆ ತಾಮ್ರ, ಬೆಳ್ಳಿ ಹೆಚ್ಚು ಬೆರೆಸಿರುವುದರಿಂದ ಗುಂಡಿಗಿಂತ ಬೇಗ ಕರಗುತ್ತದೆ. ದೀಪದ ಉರಿಯನ್ನು ಊದುಗೊಳವೆಯಿಂದ ಬಾಗಿಸಿ ಗುಂಡಿನ ಮೇಲೆ ಬಿಡುವುದು. ಒಂದು ಗಳಿಗೆಯಲ್ಲಿ ಚೂರುಗಳು ಕರಗಿ ಅಂಚಿನ ಸುತ್ತ ಹೊಳೆಯುವ ಗೆರೆಯಾಗಿ ಓಡುತ್ತವೆ. ಆಗ ಉಸಿರು ನಿಲ್ಲಿಸಬೇಕು. ಇನ್ನೊಂದು ಉಸಿರು ಹೆಚ್ಚಾದರೆ ಗುಂಡೇ ಕುಸಿದು ಮುದ್ದೆಯಾಗುತ್ತದೆ. ಅರ್ಧ ದಿನದ ಕೆಲಸ ಒಂದು ಉಸಿರಿನಲ್ಲಿ ಹೋಯಿತು.

ಆಮೇಲೆ ಹುಣಸೆ ಹುಳಿಯಲ್ಲಿ ಕುದಿಸಿ ಕರಿ ತೆಗೆಯುವುದು, ಅಂಟುವಾಳದ ನೊರೆಯಲ್ಲಿ ಉಜ್ಜುವುದು. ಈ ಉಜ್ಜುವ ಕೆಲಸ, ಮಣಿ ಪೋಣಿಸುವ ಕೆಲಸ ಮನೆಯ ಹೆಂಗಸರದು. ಜಗಲಿ ಗುಡಿಸಿದ ಕಸವನ್ನು ಅವರು ಹೊರಗೆ ಚೆಲ್ಲುತ್ತಿರಲಿಲ್ಲ. ಒಂದು ಮಡಕೆಯಲ್ಲಿ ಕೂಡಿಡುತ್ತಿದ್ದರು. ವರ್ಷಕ್ಕೊಮ್ಮೆ ಜಾಲಗಾರರು ಬಂದು ಆ ಕಸವನ್ನು ಕೊಂಡು, ನೀರಿನಲ್ಲಿ ಜಾಲಿಸಿ ಬಂಗಾರದ ಕಣ ಹೆಕ್ಕುವರು. ಅಕ್ಕಸಾಲಿಗರ ಮನೆಯ ಕಸಕ್ಕೂ ಬೆಲೆ ಎಂದು ನಾವು ಬೆರಗಾಗುತ್ತಿದ್ದೆವು.

ಕೊನೆಗೆ ಅರಗು. ತೆಳು ಗುಂಡು ಕೊರಳಲ್ಲಿ ಒತ್ತಿಕೊಂಡರೆ ತಗ್ಗು ಬೀಳುತ್ತದೆ. ಹೊರೆ ಹೊರುವ, ನಾಟಿ ಹಾಕುವ, ಮಗು ಎತ್ತುವ ಹೆಂಗಸಿನ ಕೊರಳು ಅದು, ಬೀರುವಿನಲ್ಲಿ ಇಡುವ ಒಡವೆಯಲ್ಲ. ಅದಕ್ಕೆ ಅರಗನ್ನು ನುಣ್ಣನೆಯ ಇಟ್ಟಿಗೆ ಪುಡಿಯೊಂದಿಗೆ ಕಾಯಿಸಿ, ಬಿಸಿ ಗುಂಡಿನ ತೂತಿನಿಂದ ಒಳಗೆ ತುಂಬುತ್ತಿದ್ದರು. ಆರುವ ಮೊದಲೇ ಕಾದ ಸೂಜಿಯಿಂದ ದಾರದ ದಾರಿ ಬಿಡಿಸಿದರೆ ಗುಂಡು ಸಿದ್ಧ.

ಟೊಳ್ಳು ಏಕೆ ಎಂಬುದಕ್ಕೆ ಲೆಕ್ಕವಿದೆ. ನಮ್ಮ ಶಾಲೆಯ ಗಣಿತದ ಮೇಷ್ಟ್ರಿಂದ ಮಾಡಿಸಿದೆ. ಆರು ಮಿಲಿಮೀಟರ್ ಅಡ್ಡಳತೆಯ ಗುಂಡು ಗಟ್ಟಿಯಾಗಿದ್ದರೆ 22 ಕ್ಯಾರೆಟ್ಟಿನಲ್ಲಿ ಎರಡು ಗ್ರಾಂ ತೂಗುತ್ತದೆ. ಅದೇ ಗುಂಡು ಮಿಲಿಮೀಟರಿನ ಐದನೇ ಒಂದು ಭಾಗ ದಪ್ಪದ ತಗಡಿನದಾದರೆ 370 ಮಿಲಿಗ್ರಾಂ. ಇಪ್ಪತ್ತು ಗುಂಡಿನ ಸರಕ್ಕೆ ಗಟ್ಟಿಯಾದರೆ 40 ಗ್ರಾಂ ಬೇಕು, ಟೊಳ್ಳಾದರೆ ಏಳೂವರೆ ಗ್ರಾಂ ಸಾಕು. ನೋಡುವವರಿಗೆ ಎರಡೂ ಒಂದೇ. ಇಷ್ಟೇ ಅಲ್ಲ, ಆ ಗುಂಡಿನೊಳಗೆ ಹಿಡಿಸುವ ಅರಗು ನೂರು ಮಿಲಿಗ್ರಾಮಿಗೆ ಕಡಿಮೆಯಿಲ್ಲ. ಅಂದರೆ ಇಪ್ಪತ್ತು ಗುಂಡಿನ ಸರವನ್ನು ಅರಗಿನ ಸಮೇತ ತೂಗಿದರೆ ಎರಡು ಗ್ರಾಮಿಗೂ ಹೆಚ್ಚು ಅರಗೇ ತೂಗುತ್ತದೆ. ಕೊಳ್ಳುವಾಗ ಅರಗನ್ನು ಬಂಗಾರವೆಂದು ತೂಗಿದರೆ ಹೆಂಗಸಿಗೆ ನಷ್ಟ. ಅಡ ಇಡುವಾಗ ಅರಗಿನ ಹೆಸರಿನಲ್ಲಿ ಬಂಗಾರವನ್ನೂ ಕಳೆದರೆ ಆಗಲೂ ಹೆಂಗಸಿಗೇ ನಷ್ಟ. ನಮ್ಮ ಪಕ್ಕದ ಮನೆಯಾಕೆಯ ಗುಂಡಿಗೆ ಒಬ್ಬ ಗಿರವಿಯವನು ಮೂರನೇ ಒಂದು ಪಾಲು ಅರಗೆಂದು ಕಣ್ಣಂದಾಜಿನಲ್ಲೇ ಹೊಡೆದುಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಕೆ ಬಾಯಿಬಿಡಲಿಲ್ಲ. ಮಗುವಿಗೆ ಜ್ವರವಿತ್ತು, ದುಡ್ಡು ಆಗಲೇ ಬೇಕಾಗಿತ್ತು.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಎಲ್ಲರಿಗೂ ಗೊತ್ತು. ಗಾದೆ ಹುಟ್ಟಿದ್ದಕ್ಕೆ ಕಾರಣವೂ ಗುಂಡಿನಂಥ ಒಡವೆಯಲ್ಲೇ ಇದೆ. ಬಳೆಯನ್ನು ಒರೆಗಲ್ಲಿಗೆ ತಿಕ್ಕಿದರೆ ಬಣ್ಣ ತಿಳಿಯುತ್ತದೆ. ಗುಂಡಿನ ಒಳಗು ಯಾರಿಗೂ ಕಾಣದು. ಬೆಸುಗೆಯಲ್ಲಿ ಎಷ್ಟು ತಾಮ್ರ, ಹೊಟ್ಟೆಯಲ್ಲಿ ಎಷ್ಟು ಅರಗು ಎಂಬುದು ಮಾಡಿದವನಿಗೆ ಮಾತ್ರ ಗೊತ್ತು. ಸಣ್ಣ ಗುಂಡಿಗೆ ಮೈಯಷ್ಟೇ ಬೆಸುಗೆ ಬೇಕು, ಹಾಗಾಗಿ ಹತ್ತಾರು ವರ್ಷದ ಮೇಲೆ ಕರಗಿಸಿದಾಗ ಮಟ್ಟ ಇಳಿದೇ ಇಳಿಯುತ್ತದೆ. ಮೋಸ ಮಾಡಿದವರು ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಕೆಲಸದ ಗುಣದಿಂದಲೇ ಬಂದ ನಷ್ಟವನ್ನೆಲ್ಲ ಅಕ್ಕಸಾಲಿಯ ಬೆರಳಿಗೆ ಅಂಟಿಸಿದ ಗಾದೆ ಅದು. ಅವನು ಊರಲ್ಲೇ ಇರಬೇಕಾದವನು. ಅವನು ಮಾಡಿದ ತಾಳಿ ಇಡೀ ಬೀದಿಯ ಕೊರಳಲ್ಲಿತ್ತು. ಆ ಭಯವೇ ಅಂದಿನ ಹಾಲ್‌ಮಾರ್ಕು.

ಈಗ ಈ ಬಂಗಾರ ನಮ್ಮ ಕಡೆಗೆ ಬಂದ ದಾರಿ ನೋಡೋಣ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಧುಮುಕುತ್ತಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಹಾಕಿಕೊಟ್ಟ ಯೋಜನೆಯಂತೆ ಆ ನೀರಿನಿಂದ ವಿದ್ಯುತ್ ತೆಗೆದು, 1902ರ ಜೂನ್ 30ರಂದು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ಕಳಿಸಿದರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ನಮ್ಮ ತಾಲ್ಲೂಕಿನ ನೀರು ಮೊದಲು ಬೆಳಗಿದ್ದು ಗಣಿಯನ್ನು. ನೂರಿಪ್ಪತ್ತು ವರ್ಷಗಳಲ್ಲಿ ಆ ಗಣಿಯಿಂದ ತೆಗೆದ ಬಂಗಾರ 800 ಟನ್ನಿಗೂ ಹೆಚ್ಚೆನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ಅದರ ಲಾಭ ಹೋದದ್ದು ಲಂಡನ್ನಿನ ಪಾಲುದಾರರಿಗೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ನಮ್ಮ ಹೆಂಗಸರ ಕೊರಳಿಗೆ ಬಂಗಾರ ಬಂದದ್ದು ಗಣಿಯಿಂದಲ್ಲ, ನಾಲೆಯಿಂದ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮೂವತ್ತರ ದಶಕದ ಮೊದಲಲ್ಲಿ ಮುಗಿಯಿತು. ಆಗ ಇರ್ವಿನ್ ನಾಲೆ ಎಂದಿದ್ದ ಈಗಿನ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಯ ರಾಗಿ ಹೊಲಗಳಿಗೆ ನೀರು ತಂದಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯವೇ ಬೇರೆ ಜಿಲ್ಲೆಯಾಯಿತು. ಅಲ್ಲಿಂದ ಮುಂದೆ ನಮ್ಮ ಕಡೆಯ ಮದುವೆಗಳ ಮಾತು “ಕಬ್ಬಿನ ಬಿಲ್ಲು ಬಂದ ಮೇಲೆ” ಎಂದೇ ಶುರು. ಬಿಲ್ಲು ಬಂದರೆ ಗಂಡಸರಿಗೆ ಎತ್ತು, ಪಂಪುಸೆಟ್ಟು, ಇನ್ನೊಂದು ಎಕರೆ. ಹೆಂಗಸಿಗೆ ಎರಡು ಗುಂಡು. ಒಂದೇ ಸಲ ಸರ ಮಾಡಿಸಿದವರು ಕಡಿಮೆ. ಈ ವರ್ಷ ಎರಡು, ಬರುವ ವರ್ಷ ಎರಡು ಎಂದು ಕೂಡಿಸಿಕೊಂಡವರೇ ಹೆಚ್ಚು. ದಾರ ಒಂದೇ, ಗುಂಡುಗಳ ವಯಸ್ಸು ಬೇರೆ ಬೇರೆ.

ಗುಂಡಿನ ಇನ್ನೊಂದು ಗುಣ ಇಲ್ಲಿದೆ. ಕೂಡಿಸಿದ ಹಾಗೆಯೇ ಬಿಡಿಸಲೂ ಬರುತ್ತದೆ. ಚೈನನ್ನು ಅರ್ಧ ಮಾರಲಾಗದು, ಬಳೆಯನ್ನು ಕಾಲು ಭಾಗ ಮಾರಲಾಗದು. ಗುಂಡನ್ನು ದಾರ ಬಿಚ್ಚಿ ಒಂದೊಂದಾಗಿ ಮಾರಬಹುದು. ಉಳಿದದ್ದನ್ನು ಕರಿಮಣಿ ಸೇರಿಸಿ ಮತ್ತೆ ಪೋಣಿಸಿದರೆ ನೆರೆಯವರಿಗೆ ಗೊತ್ತಾಗುವುದಿಲ್ಲ.

ನನ್ನ ತಾಯಿಯ ತಾಯಿಗೆ 1940ರ ಸುಮಾರಿಗೆ ಮದುವೆಯಾಯಿತು. ಆಕೆಯ ಸರ ತುಂಬಿದಾಗ 32 ಗುಂಡುಗಳಿದ್ದುವು, ಒಂದೊಂದೂ ಅರ್ಧ ಗ್ರಾಮಿನ ಮೇಲೆ. ಆಕೆಗೆ ಓದು ಬರಹ ಬಾರದು, ಆದರೆ ಸರದ ಲೆಕ್ಕ ಬೆರಳ ತುದಿಯಲ್ಲಿತ್ತು. ಎತ್ತು ಸತ್ತ ವರ್ಷ ಎರಡು. ದೊಡ್ಡಮ್ಮನ ಬಾಣಂತಿತನ ಕಷ್ಟವಾಗಿ ಮಂಡ್ಯದ ಆಸ್ಪತ್ರೆಗೆ ಒಯ್ದಾಗ ನಾಲ್ಕು. ಮಳೆ ಕೈಕೊಟ್ಟು ಬಿತ್ತನೆ ಎರಡನೇ ಸಲ ಮಾಡಿದಾಗ ಮೂರು. ಸೋದರಮಾವನ ಸಾಲಕ್ಕೆ ಆರು. “ಅವು ಆರು ನಂಗೆ ಈಗ್ಲೂ ಉರೀತವೆ” ಎನ್ನುತ್ತಿದ್ದಳು, ಯಾಕೆಂದರೆ ಅದು ಇಸ್ಪೀಟಿನ ಸಾಲ. 1991ರಲ್ಲಿ ನನಗೆ ಬಿ.ಎಡ್. ಸೀಟು ಸಿಕ್ಕಿ ಫೀಸಿಗೆ ದುಡ್ಡಿಲ್ಲದೆ ಅಪ್ಪ ಮುಂದಿನ ವರ್ಷ ನೋಡೋಣವೆಂದಾಗ ಐದು. ಆ ಐದಕ್ಕೆ ಸಾವಿರ ರೂಪಾಯಿಯ ಸುಮಾರು ಬಂತು. ಉಳಿದ ಹನ್ನೆರಡನ್ನು ಮೂರು ಹೆಣ್ಣುಮಕ್ಕಳಿಗೆ ನಾಲ್ಕು ನಾಲ್ಕರಂತೆ ಹಂಚಿ ಆಕೆ ತೀರಿಕೊಂಡಳು. ಜಮೀನು ಗಂಡುಮಕ್ಕಳಿಗೆ ಹೋಯಿತು. ಹೆಣ್ಣುಮಕ್ಕಳು ಹಕ್ಕು ಬಿಡುಗಡೆಗೆ ಹೆಬ್ಬೆಟ್ಟೋ ಸಹಿಯೋ ಹಾಕಿಕೊಟ್ಟರು. ನಾಲ್ಕು ಗುಂಡು ಬಂದದ್ದರಿಂದಲೇ ಅವರ ಬಾಯಿ ಮುಚ್ಚಿತೆಂದು ನನಗೆ ಎಷ್ಟೋ ಸಲ ಅನಿಸಿದೆ.

ಕಾನೂನು ಏನೂ ಮಾಡಲಿಲ್ಲವೆಂದಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು ಸ್ತ್ರೀಧನದ ಪರಿಧಿಯನ್ನು ಹಿಗ್ಗಿಸಿತು. ದೇಶಕ್ಕೆಲ್ಲ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ 2005ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. 1933ರಿಂದ 2005ರವರೆಗೆ ಎಪ್ಪತ್ತೆರಡು ವರ್ಷ. ಈ ಎಪ್ಪತ್ತೆರಡು ವರ್ಷ ನಮ್ಮ ಹೆಂಗಸರ ಆಸ್ತಿಪತ್ರ ಕೊರಳಲ್ಲಿದ್ದ ದಾರವೇ ಆಗಿತ್ತು.

ಆ ದಾರಕ್ಕೂ ಒಮ್ಮೆ ಕತ್ತರಿ ಬಿತ್ತು. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿ 9ರಂದು, ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿಯವರು ಚಿನ್ನ ನಿಯಂತ್ರಣದ ನಿಯಮಗಳನ್ನು ತಂದರು. ಕಳ್ಳಸಾಗಣೆಯ ಬಂಗಾರಕ್ಕೆ ವಿದೇಶಿ ವಿನಿಮಯ ಸೋರಿಹೋಗುತ್ತಿದೆ, ಜನ ಬಂಗಾರದ ಮೋಹ ಬಿಡಬೇಕು ಎಂಬುದು ಅವರ ವಾದ. ಅಂದಿನಿಂದ 14 ಕ್ಯಾರೆಟ್ಟಿಗಿಂತ ಹೆಚ್ಚಿನ ಮಟ್ಟದ ಹೊಸ ಒಡವೆ ಮಾಡುವಂತಿಲ್ಲ. ನೂರರಲ್ಲಿ 58 ಪಾಲು ಚಿಲ್ಲರೆ ಬಂಗಾರ, ಉಳಿದದ್ದು ತಾಮ್ರ, ಬೆಳ್ಳಿ. 22 ಕ್ಯಾರೆಟ್ಟಿಗೆ ಒಗ್ಗಿದ ಕೈಗೆ ಅದು ಬಂಗಾರವೇ ಅಲ್ಲ. ಗಡುಸು, ಬಣ್ಣ ಪೇಲವ, ಬಡಿದರೆ ಬೇಗ ಸೀಳುತ್ತದೆ. ಕೈಯಲ್ಲಿ ತಗಡು ಬಡಿದು ಗುಳಿಗೆ ಇಳಿಸುವ ಗುಂಡಿನ ಕೆಲಸಕ್ಕಂತೂ ಅದು ಒಗ್ಗುವಂಥದ್ದಲ್ಲ. ಕೊಳ್ಳುವವರೂ ಬರಲಿಲ್ಲ. ಹದಿನಾಲ್ಕು ಕ್ಯಾರೆಟ್ಟಿನ ತಾಳಿಯನ್ನು ಯಾವ ತಾಯಿ ಮಗಳಿಗೆ ಕಟ್ಟಿಸುತ್ತಾಳೆ?

ದೇಶದಲ್ಲಿ ಲಕ್ಷಾಂತರ ಅಕ್ಕಸಾಲಿಗರು ಒಂದೇ ದಿನದಲ್ಲಿ ಕೆಲಸ ಕಳೆದುಕೊಂಡರು. ಆತ್ಮಹತ್ಯೆಗಳ ಸುದ್ದಿ ಪತ್ರಿಕೆಗಳಲ್ಲಿ ಬಂತು, ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು. ನಮ್ಮ ಬೀದಿಯ ಆಚಾರ್ರಿಗೆ ಆಗ ಇಪ್ಪತ್ತರ ಹರೆಯವಂತೆ. ಅವರ ತಂದೆ ಅಗ್ಗಿಷ್ಟಿಕೆ ಆರಿಸಿ ಆರು ತಿಂಗಳು ಬೇರೆಯವರ ಗದ್ದೆಯಲ್ಲಿ ಕಳೆ ತೆಗೆದರಂತೆ. ಊದುಗೊಳವೆ ಹಿಡಿದ ಕೈಗೆ ಕುಡುಗೋಲು. “ಕಳೆ ಕಿತ್ತ ಕೈ ಒರಟಾಯ್ತು, ಆಮೇಲೆ ಕೆಲ್ಸ ಬಂದ್ರೂ ಅಪ್ಪಯ್ಯಂಗೆ ಸಣ್ಣ ಗುಂಡು ಹಿಡಿಯಕ್ಕಾಗ್ಲಿಲ್ಲ” ಎಂದು ಆಚಾರ್ರು ಹೇಳುತ್ತಿದ್ದರು. ನಿಯಮ ಬರಬರುತ್ತ ಸಡಿಲವಾಯಿತು. ಗಿರಾಕಿಯ ಹಳೆಯ ಒಡವೆ ಕರಗಿಸಿ ಹೊಸದು ಮಾಡಲು ಬಿಟ್ಟರು, 1966ರಲ್ಲಿ 14 ಕ್ಯಾರೆಟ್ಟಿನ ಕಟ್ಟು ಹೋಯಿತು. ಆದರೆ 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಬಂತು. ಮನೆಯಲ್ಲಿ ಗಟ್ಟಿ ಇಟ್ಟುಕೊಳ್ಳುವಂತಿಲ್ಲ, ಅಕ್ಕಸಾಲಿಗೆ ಸರ್ಟಿಫಿಕೇಟು ಬೇಕು, ಪುಸ್ತಕ ಬರೆಯಬೇಕು. ಆಚಾರ್ರ ಜಗಲಿಯ ಗೋಡೆಯಲ್ಲಿ ಕಟ್ಟು ಹಾಕಿಸಿದ ಒಂದು ಕಾಗದ ತೂಗುತ್ತಿದ್ದುದು ನನಗೆ ನೆನಪಿದೆ. ದೇವರ ಪಟವೆಂದೇ ನಾನು ತಿಳಿದಿದ್ದೆ. 1990ರಲ್ಲಿ ಆ ಕಾಯ್ದೆ ರದ್ದಾಯಿತು. ಕಳ್ಳಸಾಗಣೆ ಅದರಿಂದ ನಿಂತಿರಲಿಲ್ಲ.

ಅಲ್ಲಿಂದ ಮುಂದಿನದು ನಾವೆಲ್ಲ ಕಂಡದ್ದು. ತೊಂಬತ್ತರ ದಶಕದಲ್ಲಿ ಕೆಡಿಎಂ ಎಂಬ ಹೆಸರು ಎಲ್ಲ ಹೆಂಗಸರ ಬಾಯಿಗೆ ಬಂತು. ತಾಮ್ರದ ಬದಲು ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಅದು. ಮಟ್ಟ ಇಳಿಯುವುದಿಲ್ಲವೆಂದು ನಾವು ಹಿಗ್ಗಿದೆವು. ಬೆಸೆಯುವಾಗ ಕ್ಯಾಡ್ಮಿಯಂ ಆವಿಯಾಗಿ ಮಾಡುವವನ ಪುಪ್ಪುಸಕ್ಕೆ ಹೋಗುತ್ತದೆಂದು ನಮಗೆ ಯಾರೂ ಹೇಳಲಿಲ್ಲ. ಆ ವಿಷದ ಕಾರಣಕ್ಕೇ ಭಾರತೀಯ ಮಾನಕ ಬ್ಯೂರೊ ಅದನ್ನು ಒಪ್ಪುವುದಿಲ್ಲ. ಬಂಗಾರಕ್ಕೆ ಹಾಲ್‌ಮಾರ್ಕು 2000ದಲ್ಲಿ ಶುರುವಾಯಿತು, 2021ರ ಜೂನ್ 16ರಿಂದ ಮೊದಲಿಗೆ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. 2023ರ ಏಪ್ರಿಲ್ಲಿನಿಂದ ಆರು ಅಕ್ಷರ ಅಂಕಿಗಳ ಗುರುತು ಇರಲೇಬೇಕೆಂದಾಯಿತು. ಆದರೆ ಎರಡು ಗ್ರಾಮಿಗಿಂತ ಕಡಿಮೆಯ ಒಡವೆಗೆ ಈ ಕಡ್ಡಾಯವಿಲ್ಲ. ಬಿಡಿ ಗುಂಡು ಎರಡು ಗ್ರಾಂ ತೂಗುವುದೆಲ್ಲಿ ಬಂತು? ಬಡವರು ಕೊಳ್ಳುವ ಎರಡು ಗುಂಡು ಇಂದಿಗೂ ನಂಬಿಕೆಯ ಮೇಲೆಯೇ ನಿಂತಿದೆ. ನಂಬಬೇಕಾದ ಆಚಾರ್ರು ಮಾತ್ರ ಬೀದಿಯಲ್ಲಿಲ್ಲ.

ಈಗಿನ ಗುಂಡು ಬಹುಪಾಲು ಯಂತ್ರದ್ದು. ಬೆಂಗಳೂರಿನ ನಗರ್ತಪೇಟೆಯ ಕಡೆ ಬಂಗಾಳದಿಂದ ಬಂದ ಕೆಲಸಗಾರರು ಇಕ್ಕಟ್ಟಿನ ಮಾಳಿಗೆಗಳಲ್ಲಿ ಕುಳಿತು ಕೈಕೆಲಸ ಮಾಡುತ್ತಾರೆ. ಯಂತ್ರದ ಗುಂಡು ನಮ್ಮ ಆಚಾರ್ರದಕ್ಕಿಂತ ತೆಳು, ಒಂದರಂತೆ ಇನ್ನೊಂದು. ಬಂಗಾರ 2025ರಲ್ಲಿ ಹತ್ತು ಗ್ರಾಮಿಗೆ ಒಂದು ಲಕ್ಷ ದಾಟಿದ ಮೇಲೆ ತೆಳುವಾದಷ್ಟೂ ಗಿರಾಕಿಗೆ ಹಿತ. ಸರ ಕೀಳುವ ಕಳ್ಳರ ಭಯಕ್ಕೆ ಒಂದು ಗ್ರಾಂ ಬಂಗಾರದ ಸರ ಹಾಕಿಕೊಂಡು ಓಡಾಡುವವರೂ ಹೆಚ್ಚಿದ್ದಾರೆ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ತಂದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರದೂ ಇದೆ, ತರಬೇತಿಯಿದೆ, ಕಡಿಮೆ ಬಡ್ಡಿಯ ಸಾಲವಿದೆ. ಒಳ್ಳೆಯದೇ. ಆದರೆ ಮಳವಳ್ಳಿಯ ಆಚಾರ್ರ ಮಗ ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ. ಕಂಚಿನ ಅಚ್ಚನ್ನು ಗುಜರಿಗೆ ಹಾಕಲಿಲ್ಲ, ದೇವರ ಗೂಡಿನಲ್ಲಿಟ್ಟಿದ್ದಾನೆ, ಆಯುಧಪೂಜೆಗೆ ಕುಂಕುಮ ಇಡುತ್ತಾನೆ.

ಹೋದ ವರ್ಷ ನಮ್ಮ ಮದ್ದೂರಿನ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಒಂದು ಕೆಲಸ ಕೊಟ್ಟೆ. ಮನೆಯಲ್ಲಿ ಅಜ್ಜಿಯೋ ಮುತ್ತಜ್ಜಿಯೋ ಇದ್ದರೆ ಅವರ ಸರದಲ್ಲಿ ಮೊದಲು ಎಷ್ಟು ಗುಂಡುಗಳಿದ್ದವು, ಈಗ ಎಷ್ಟಿವೆ, ಹೋದವು ಯಾವುದಕ್ಕೆ ಹೋದವು ಎಂದು ಕೇಳಿ ಬರೆದು ತನ್ನಿ ಎಂದೆ. ಹತ್ತೊಂಬತ್ತು ಹುಡುಗಿಯರು ಬರೆದು ತಂದರು. ಬೋರ್‌ವೆಲ್ಲು, ಆಪರೇಷನ್ನು, ಗಂಡನ ಕುಡಿತ, ಮಗನ ಕಾಲೇಜು, ನಾದಿನಿಯ ಮದುವೆ, ಮನೆಗೆ ಹೆಂಚು. ಇಡೀ ಪಟ್ಟಿಯಲ್ಲಿ ಯಾವ ಹೆಂಗಸೂ ತನಗೆಂದು ಒಂದು ಗುಂಡು ಮಾರಿರಲಿಲ್ಲ. ಓದುತ್ತ ಓದುತ್ತ ಒಬ್ಬ ಹುಡುಗಿ, “ಮಿಸ್, ಇದೂ ಹಿಸ್ಟರಿನಾ?” ಎಂದು ಕೇಳಿದಳು. ಹೌದೆಂದೆ.

ಓದುವ ನೀವೂ ಒಂದು ಕೆಲಸ ಮಾಡಿ. ಹಳೆಯ ಗುಂಡನ್ನು ಹೊಸ ಫ್ಯಾಷನ್ನಿಗೆ ಕರಗಿಸಲು ಕೊಡುವ ಮೊದಲು, ಅರಗು ತೆಗೆಸಿ ನಿಮ್ಮೆದುರೇ ತೂಗಿಸಿ, ತೂಕವನ್ನು ಬರೆದುಕೊಳ್ಳಿ. ಅದರ ಪಕ್ಕದಲ್ಲಿ ಆ ಗುಂಡು ಯಾರದು, ಯಾವ ವರ್ಷದ್ದು, ಅದರ ಜೊತೆಯವು ಎಲ್ಲಿ ಹೋದವು ಎಂಬುದನ್ನೂ ಬರೆಯಿರಿ. ಅದನ್ನು ಬಲ್ಲವರು ಇನ್ನೂ ಮನೆಯಲ್ಲಿದ್ದರೆ ಈ ವಾರವೇ ಕೇಳಿ.